ಯಾವುದಕ್ಕಿಂತ ದೊಡ್ಡದು

ಗಣಿ ಕೆಲಸಗಾರರಿಗೆ ಇಂಗ್ಲಿಷ್ ಬರೆಯಲು ಕಲಿಸಬೇಕು ಎಂದು ವೀರೇಶ್ ಫೋನ್ ಮಾಡಿದಾಗ ಚಂದ್ರಕಲಾ ಮೊದಲು ನಂಬಲಿಲ್ಲ. ಅವಳು ಹೊಸಪೇಟೆಯ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದಳು. ವೀರೇಶ್ ಯಶವಂತನಗರದ ಆಚೆಯ ಗುಡ್ಡದಲ್ಲಿದ್ದ ಒಂದು ಖಾಸಗಿ ಅದಿರು ಗಣಿಯ ಸಹಾಯಕ ಮ್ಯಾನೇಜರ್. ಇಬ್ಬರಿಗೂ ಪರಿಚಯವಿರಲಿಲ್ಲ.

"ಮಾತಾಡೋದು ಬ್ಯಾಡ್ರಿ ಮೇಡಂ, ಬರೆಯೋದು ಬಂದ್ರ ಸಾಕು," ಎಂದ ಆತ. "ನಮ್ಮ ಮೇಟ್‌ಗಳು ದಿನಾ ರಿಜಿಸ್ಟರ್‌ನ್ಯಾಗ ಇಂಗ್ಲಿಷ್‌ನಾಗೇ ಬರೀಬೇಕು, ಹೆಡ್ ಆಫೀಸಿನ ರೂಲು. ನಿನ್ನೆ ಹೆಂಗಿತ್ತು, ಇವತ್ತು ಹೆಂಗೈತಿ, ಹೆಚ್ಚಾತೋ ಕಮ್ಮಿ ಆತೋ, ಅಷ್ಟು ತಪ್ಪಿಲ್ದಂಗ ಬರೆಯೋದು ಕಲಿಸ್ರಿ. ಹೋಲಿಸಿ ಬರೆಯೋದು. ಅದೊಂದು ಭಾಳ ಮುಖ್ಯ."

"ಅದೊಂದೇ ಯಾಕ್ರಿ?"

ಫೋನ್ ಕಟ್ಟಾಯಿತೇನೋ ಎಂದುಕೊಳ್ಳುವಷ್ಟರಲ್ಲಿ, "ಅದ್ರಾಗ ತಪ್ಪಾಗ್ತೈತ್ರಿ," ಎಂದ, ಅಷ್ಟೇ.

ಹೀಗೆ ಮಂಗಳವಾರ ಮತ್ತು ಶನಿವಾರ ಚಂದ್ರಕಲಾ ಟಿ.ಬಿ. ಡ್ಯಾಂನ ತನ್ನ ಕ್ವಾರ್ಟರ್ಸಿನಿಂದ ಹೊರಟು, ಮಧ್ಯಾಹ್ನದ ಬಸ್ಸು ಹಿಡಿದು ಯಶವಂತನಗರಕ್ಕೆ ಹೋಗತೊಡಗಿದಳು. ಅಲ್ಲಿಂದ ಕಂಪನಿಯ ಜೀಪು ಗಣಿಯ ಬುಡದಲ್ಲಿದ್ದ ಹಾಲ್‌ಗೆ ಮುಟ್ಟಿಸುತ್ತಿತ್ತು. ಮೊದಲ ಪಾಳಿ ಎರಡಕ್ಕೆ ಮುಗಿದರೆ ಪಾಠ ಮೂರಕ್ಕೆ. ಹನ್ನೊಂದು ಜನ ಮೇಟ್‌ಗಳು ಮುಖ ತೊಳೆದುಕೊಂಡು, ಕಿವಿಯ ಹಿಂದೆ ಕೆಂಪು ಧೂಳು ಉಳಿಸಿಕೊಂಡು, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರುತ್ತಿದ್ದರು. ಹಾಲ್ ಗುಡಿಸಿ ಚಹಾ ಮಾಡಿಕೊಡಲು ಗಾಳೆಮ್ಮ ಎಂಬ ಹೆಂಗಸಿದ್ದಳು. ಗಣಿಯಲ್ಲಿ ಗಂಡ ತೀರಿಕೊಂಡ ಮೇಲೆ ಕಂಪನಿ ಕೊಟ್ಟ ಕೆಲಸವಂತೆ. ಅವಳು ಮಾತಾಡಿದ್ದನ್ನು ಚಂದ್ರಕಲಾ ಕೇಳಿರಲೇ ಇಲ್ಲ.

ಆ ಗಣಿಯಲ್ಲಿ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದರು. ಒಂದೊಂದು ಮೆಟ್ಟಿಲೂ ಎರಡಾಳು ಎತ್ತರಕ್ಕಿಂತ ಹೆಚ್ಚು, ಲಾರಿ ಓಡಾಡುವಷ್ಟು ಅಗಲ. ಅದಕ್ಕೆ ಅವರು ಬೆಂಚ್ ಎನ್ನುತ್ತಿದ್ದರು. ಒಂದೊಂದು ಬೆಂಚಿಗೆ ಒಬ್ಬೊಬ್ಬ ಮೇಟ್. ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಬೆಂಚನ್ನು ನೋಡಿ, ಮಣ್ಣು ಸಡಿಲವಾಗಿದೆಯೇ, ನೀರು ಜಿನುಗುತ್ತಿದೆಯೇ ಎಂದು ರಿಜಿಸ್ಟರಿನಲ್ಲಿ ಬರೆಯುವುದು ಅವನ ಕೆಲಸ.

"ನಮ್ಮ ಮಾತಿನಾಗ ದೊಡ್ಡದು ಅನ್ನೋ ಶಬ್ದ ಬದಲಾಗಂಗಿಲ್ಲ," ಎಂದು ಮೊದಲ ಪಾಠ ಶುರುಮಾಡಿದಳು ಚಂದ್ರಕಲಾ. "ಇದು ದೊಡ್ಡದು, ಅದಕ್ಕಿಂತ ಇದು ದೊಡ್ಡದು. ಗಿಂತ ಅನ್ನೋದೇ ಎಲ್ಲಾ ಭಾರ ಹೊರತೈತಿ. ಇಂಗ್ಲಿಷ್‌ನಾಗ ಹಂಗಲ್ಲ. ಬಿಗ್ ಹೋಗಿ ಬಿಗ್ಗರ್ ಆಗ್ತೈತಿ. ಬಿಗ್ಗರ್ ಅಂದ್ಮ್ಯಾಲೆ ಮೋರ್ ಹಚ್ಚಬಾರದು. ಬಿಗ್ಗರ್ ಅಂತ ಬರೆದ್ರ, ದ್ಯಾನ್ ಹಚ್ಚಿ ಯಾವುದಕ್ಕಿಂತ ಅನ್ನೋದನ್ನೂ ಬರೀಬೇಕು. ಇಲ್ಲಾಂದ್ರ ಓದಿದವ್ರಿಗೆ ಅರ್ಧ ಮಾತು ಕೇಳಿದಂಗ."

ಮೇಟ್‌ಗಳಲ್ಲಿ ಹಿರಿಯನಾದ ಪಾಲಪ್ಪ ತಲೆಯಾಡಿಸಿದ. ಐವತ್ತು ದಾಟಿದವನು, ಆದರೂ ಎಲ್ಲರಿಗಿಂತ ಮುಂದಿನ ಕುರ್ಚಿ ಅವನದೇ. "ಮತ್ತ ಸೀನಿಯರ್ ಅನ್ನಾಕ ಏನ್ರಿ? ನಾನು ಇವ್ನಗಿಂತ ಸೀನಿಯರು."

"ಅಲ್ಲಿ ದ್ಯಾನ್ ಬರಂಗಿಲ್ಲ. ಸೀನಿಯರ್ ಟು."

"ಇದ್ಯಾವ ಸೀಮಿ ನ್ಯಾಯಾರಿ!" ಎಂದ ಪಾಲಪ್ಪ. ಎಲ್ಲರೂ ನಕ್ಕರು.

ಕೆಲಸದ ಜಾಗದಲ್ಲಿ ಕಂಡದ್ದನ್ನು ಹೋಲಿಸಿ ಐದು ವಾಕ್ಯ ಬರೆದುಕೊಂಡು ಬನ್ನಿ ಎಂದು ಮನೆಗೆಲಸ ಕೊಟ್ಟಳು. ಮಂಗಳವಾರ ಅವರು ಹಾಳೆಗಳನ್ನು ಮೇಜಿನ ಮೇಲಿನ ಬೆತ್ತದ ತಟ್ಟೆಯಲ್ಲಿಟ್ಟರು. ಮನೆಗೆ ಹೋಗಿ ತಿದ್ದುವಾಗ ಎಣಿಸಿದರೆ ಹನ್ನೆರಡಿದ್ದವು. ಹನ್ನೆರಡನೆಯದರಲ್ಲಿ ಹೆಸರಿರಲಿಲ್ಲ, ಐದು ವಾಕ್ಯವೂ ಇರಲಿಲ್ಲ. ಒಂದೇ ಸಾಲು: "ಕ್ರ್ಯಾಕ್ ಈಸ್ ಮೋರ್ ಬಿಗ್ಗರ್." ಬಿರುಕು ಹೆಚ್ಚು ದೊಡ್ಡದಾಗಿದೆ. ಚಂದ್ರಕಲಾ ಮೋರ್ ಅನ್ನು ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ "ಯಾವುದಕ್ಕಿಂತ?" ಎಂದು ಬರೆದಳು.

ಶನಿವಾರ ಹಾಳೆಗಳನ್ನು ಹಂಚಿದಳು. ಅದೊಂದನ್ನು ಯಾರೂ ತಮ್ಮದೆನ್ನಲಿಲ್ಲ. ಮೇಜಿನ ಮೇಲೇ ಬಿಟ್ಟುಬಂದಳು. ಮುಂದಿನ ಸಲ ಹೋದಾಗ ಅದು ಅಲ್ಲಿರಲಿಲ್ಲ. ಬದಲಿಗೆ ತಟ್ಟೆಯಲ್ಲಿ ಮತ್ತೆ ಹನ್ನೆರಡು ಹಾಳೆ.

ಈ ಸಲ ವಾಕ್ಯ ಉದ್ದವಿತ್ತು. "ಟುಡೇ ಕ್ರ್ಯಾಕ್ ಈಸ್ ಬಿಗ್ಗರ್ ದ್ಯಾನ್ ಎಸ್ಟರ್ಡೇ ಸಿಕ್ಸ್ ಬೆಂಚ್."

ಪಾಠ ಹೇಳಲು ಒಳ್ಳೆಯ ಉದಾಹರಣೆ ಸಿಕ್ಕಿತು ಎನಿಸಿ ಚಂದ್ರಕಲಾ ಅದನ್ನು ಹಲಗೆಯ ಮೇಲೆ ಬರೆದಳು. "ಈಗ ನೋಡ್ರಿ. ಇದನ್ನ ಬರೆದವ್ರ ಮನಸ್ಸಿನಾಗ ಇರೋದು ಬ್ಯಾರೆ. ಆರನೇ ಬೆಂಚಿನಾಗ ನಿನ್ನೆ ಇದ್ದ ಬಿರುಕಿಗಿಂತ ಇವತ್ತಿನ ಬಿರುಕು ದೊಡ್ಡದು ಅಂತ ಹೇಳಬೇಕಾಗೈತಿ. ಆದ್ರ ಬರೆದಿದ್ದು ಏನು? ಬಿರುಕು ಬೆಂಚಿಗಿಂತ ದೊಡ್ಡದು ಅಂತ. ಬಿರುಕನ್ನ ಬಿರುಕಿಗೆ ಹೋಲಿಸಬೇಕು, ಬೆಂಚಿಗಲ್ಲ. ಯಾರು ಬಂದು ತಿದ್ತೀರಿ?"

ಅವಳು ಸೀಮೆಸುಣ್ಣ ಚಾಚಿಕೊಂಡು ತಿರುಗಿದಳು. ಯಾರೂ ಅವಳನ್ನು ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಹಲಗೆಯ ಮೇಲಿತ್ತು. ಹಿಂದಿನ ಸಾಲಿನವನೊಬ್ಬ ಎದ್ದು, ಚಪ್ಪಲಿ ಹಾಕಿಕೊಳ್ಳದೆ ಹೊರಗೆ ಹೋಗಿಬಿಟ್ಟ.

"ಅಳಿಸ್ರಿ ಮೇಡಮ್ರ," ಎಂದ ಪಾಲಪ್ಪ. "ಕೈ ಮುಗೀತೀನಿ, ಮೊದ್ಲು ಅದನ್ನ ಅಳಿಸ್ರಿ."

ಅವತ್ತು ಪಾಠ ಮುಂದುವರಿಯಲಿಲ್ಲ. ಎಲ್ಲರೂ ಹೋದ ಮೇಲೆ ಪಾಲಪ್ಪ ಒಬ್ಬನೇ ಉಳಿದು, ಹಲಗೆಯ ಕಡೆ ಬೆನ್ನು ಮಾಡಿ ನಿಂತು ಹೇಳಿದ.

"ಆ ಸಾಲು ದುರುಗೇಶಂದ್ರಿ. ಆರನೇ ಬೆಂಚಿನ ಮೇಟ್ ಆಗಿದ್ದ. ಮೂರು ವರ್ಷದ ಹಿಂದ ಅಕ್ಷರ ಅಕ್ಷರ ಹಿಂಗ ರಿಜಿಸ್ಟರ್‌ನ್ಯಾಗ ಬರೆದಿದ್ದ. ವೀರೇಶ್ ಸಾಹೇಬ್ರು ಅದನ್ನ ಓದಿ ಕ್ಯಾಂಟೀನ್‌ನ್ಯಾಗ ಎಲ್ರ ಮುಂದ ನಕ್ಕಿದ್ರು. ಬೆಂಚಿಗಿಂತ ಬಿರುಕು ದೊಡ್ಡದಾದ್ರ ಗುಡ್ಡ ಎಲ್ಲೈತಲೇ ದುರುಗೇಶ, ಅಂತ. ನಾವೂ ನಕ್ವಿ. ಅವ್ನೂ ನಕ್ಕ. ಸರಿಯಾಗಿ ಬರಕೊಂಡು ಬಾ ಅಂತ ಕಳಿಸಿದ್ರು, ಯಾರೂ ಹೋಗಿ ನೋಡ್ಲಿಲ್ಲ. ಎರಡು ದಿನ ಬಿಟ್ಟು ಬೆಂಚ್ ಕುಸೀತ್ರಿ. ಅವ್ನು ಕೆಳಗಿದ್ದ."

"ಹಂಗಾದ್ರ ಇದನ್ನ ಯಾರೋ ನಿಮ್ಮೊಳಗೇ..."

"ಯಾರು ಬರೀತಾರ್ರಿ ಇಂಥಾದನ್ನ? ಮನಿ ಮಂದಿ ಇರೋರು ನಾವು. ಗಾಳೆಮ್ಮ ಅವ್ನ ಹೇಣ್ತಿ. ಅಕಿ ಇದನ್ನ ನೋಡಿದ್ರ ಏನಾಗಬ್ಯಾಡ!"

ಮುಂದಿನ ಪಾಠಕ್ಕೆ ನಾಲ್ಕೇ ಜನ ಬಂದರು. ತಟ್ಟೆಯಲ್ಲಿ ಐದು ಹಾಳೆ. ಐದನೆಯದರಲ್ಲಿ ಹೋಲಿಕೆಯೂ ಇರಲಿಲ್ಲ, ವ್ಯಾಕರಣವೂ ಇರಲಿಲ್ಲ. "ಸರ್ ಪ್ಲೀಸ್ ಸೀ. ಟುಡೇ ಮೋರ್." ಸರ್, ದಯವಿಟ್ಟು ನೋಡಿ. ಇವತ್ತು ಇನ್ನೂ ಹೆಚ್ಚು. ಚಂದ್ರಕಲಾಗೆ ಕೆಂಪು ಪೆನ್ನು ತೆಗೆಯಲು ಕೈ ಬರಲಿಲ್ಲ. ಮನೆಯಲ್ಲಿ ಆ ಹಾಳೆಯನ್ನು ಪುಸ್ತಕದೊಳಗಿಟ್ಟು, ಆ ಪುಸ್ತಕವನ್ನು ಇನ್ನೊಂದರ ಕೆಳಗಿಟ್ಟಳು. ಊಟಕ್ಕೆ ಕೂತಾಗಲೂ ಬೆನ್ನ ಹಿಂದೆ ಯಾರೋ ಉತ್ತರಕ್ಕಾಗಿ ಕಾದು ನಿಂತಂತೆ ಇತ್ತು.

ಮರುದಿನ ಬೆಳಕಿನಲ್ಲಿ ಅದನ್ನು ತೆಗೆದು ಕಿಟಕಿಗೆ ಹಿಡಿದು ನೋಡಿದಳು. ಹದಿನಾಲ್ಕು ವರ್ಷ ಉತ್ತರಪತ್ರಿಕೆ ತಿದ್ದಿದ ಕಣ್ಣು. ಅಕ್ಷರಗಳನ್ನು ಬರೆದಿರಲಿಲ್ಲ, ಚಿತ್ರ ಬಿಡಿಸಿದಂತೆ ಬಿಡಿಸಿದ್ದರು. ಪ್ರತಿ ಗೆರೆಗೂ ಪೆನ್ನು ಎತ್ತಿಟ್ಟ ಗುರುತು. ಭಾಷೆಯೇ ಗೊತ್ತಿಲ್ಲದವರು ನೋಡಿಕೊಂಡು ನಕಲು ಮಾಡಿದ ಕೈ ಅದು.

ಮಂಗಳವಾರ ಅವಳು ಒಂದು ಗಂಟೆ ಮೊದಲೇ ಹೋದಳು. ಗಾಳೆಮ್ಮ ಮೇಜಿನ ಹತ್ತಿರ ಖಾಲಿ ಹಾಳೆ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಅಂಚು ಹರಿದ ಒಂದು ಸಣ್ಣ ಪಾಕೆಟ್ ಬುಕ್ಕು. ಚಂದ್ರಕಲಾಳನ್ನು ಕಂಡು ಅವಳು ಓಡಲಿಲ್ಲ, ಬುಕ್ಕನ್ನು ಮುಚ್ಚಿಡಲೂ ಇಲ್ಲ.

"ಅವ್ರು ರಿಜಿಸ್ಟರ್‌ಗೆ ಹಾಕೋಕ ಮುಂಚೆ ಇದ್ರಾಗ ಬರದು ನೋಡ್ತಿದ್ರು," ಎಂದಳು. "ಇದ್ರಾಗಿನ್ನು ಏನೂ ಉಳಿದಿಲ್ರಿ. ಮೂರೇ ಇದ್ವು ಬಿರುಕಿಂದು."

"ಯಾಕ ಹಿಂಗ ಮಾಡಿದ್ರಿ ಗಾಳೆಮ್ಮ? ನನ್ನನ್ನೇ ಕೇಳಬಹುದಿತ್ತಲ್ಲ."

"ಏನಂತ ಕೇಳ್ಲಿ? ಸತ್ತಾಗ ಎಲ್ರೂ ಅಂದ್ರು, ನಿನ್ನ ಗಂಡ ತಪ್ಪು ಬರದಿದ್ದ, ಅದಕ್ಕ ಸಾಹೇಬ್ರಿಗೆ ತಿಳೀಲಿಲ್ಲ ಅಂತ. ಎಷ್ಟು ತಪ್ಪು ಅಂತ ಯಾರೂ ಹೇಳ್ಲಿಲ್ಲ. ನೀವು ತಪ್ಪಿಗೆ ಕೆಂಪು ಗೆರಿ ಹಾಕ್ತೀರಿ. ನೋಡಬೇಕಂತ ಇಟ್ಟೆ." ಬುಕ್ಕನ್ನು ಮುಂದೆ ಚಾಚಿ ಕೇಳಿದಳು, "ಓದಿದವ್ರಿಗೆ ಅರ್ಥ ಆಗ್ತಿತ್ತೇನ್ರಿ ಅದು?"

ಚಂದ್ರಕಲಾ ಬುಕ್ಕನ್ನು ಕೈಗೆ ತೆಗೆದುಕೊಂಡಳು. ದುರುಗೇಶನ ಬರವಣಿಗೆ ಎಡಕ್ಕೆ ಬಾಗಿತ್ತು. ಐ ಮೇಲಿನ ಚುಕ್ಕೆ ಪ್ರತಿಸಲವೂ ಮುಂದಿನ ಅಕ್ಷರದ ನೆತ್ತಿಯ ಮೇಲೆ ಬಿದ್ದಿರುತ್ತಿತ್ತು, ಅವಸರದಲ್ಲಿರುವವನಂತೆ. ಬಿರುಕಿನ ಆ ಮೂರು ಸಾಲುಗಳನ್ನು ಎರಡೆರಡು ಸಲ ಓದಿದಳು.

"ಆಗ್ತಿತ್ತು ಗಾಳೆಮ್ಮ. ತಪ್ಪು ಸಣ್ಣದು. ಅರ್ಥ ಆಗೇ ಆಗ್ತಿತ್ತು."

ಗಾಳೆಮ್ಮ ಅಳಲಿಲ್ಲ. ಬುಕ್ಕನ್ನು ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡು ಚಹಾ ಇಡಲು ಹೋದಳು.

ವಿಷಯ ತಿಳಿದ ಮೇಲೆ ಮೇಟ್‌ಗಳೆಲ್ಲ ಅಂದೇ ವಾಪಸು ಬಂದರು. ಭಯ ಇಳಿದ ಖುಷಿಗೆ ಮಾತು ಜೋರಾಗಿತ್ತು. ಚಂದ್ರಕಲಾ ಅರ್ಧಕ್ಕೆ ನಿಂತಿದ್ದ ಪಾಠವನ್ನು ಮುಗಿಸಿದಳು. ಬಿರುಕನ್ನು ಬಿರುಕಿಗೇ ಹೋಲಿಸುವಾಗ ಅದೇ ಶಬ್ದವನ್ನು ಎರಡು ಸಲ ಬರೆಯಬೇಕಿಲ್ಲ, ಎರಡನೆಯ ಸಲ "ದ ಒನ್" ಎಂದರೆ ಸಾಕು ಎಂದಳು. ಹೊತ್ತಾಗಿದ್ದರಿಂದ ಹಲಗೆಯ ಮೇಲೆ ಬರೆಯಲಿಲ್ಲ, ಬಾಯಲ್ಲೇ ಹೇಳಿದಳು. ಮುಂದಿನ ಸಲ ಬರೆಸುತ್ತೇನೆ ಎಂದಳು.

ಬುಧವಾರ ಗಾಳೆಮ್ಮ ತಂಗಿಯ ಬಾಣಂತನಕ್ಕೆಂದು ರಜೆ ಹಾಕಿ ಕಂಪ್ಲಿಗೆ ಹೋದಳು. ಪಾಕೆಟ್ ಬುಕ್ಕು ಅವಳ ಜೊತೆಗೇ ಹೋಯಿತು. ಹಾಲ್‌ನ ಕೀಲಿ ಪಾಲಪ್ಪನ ಕೈಯಲ್ಲಿತ್ತು. ಶನಿವಾರ ಅವನು ಬೀಗ ತೆಗೆದಾಗ ಚಂದ್ರಕಲಾ ಅವನ ಪಕ್ಕದಲ್ಲೇ ಇದ್ದಳು. ಮೇಜು, ಕುರ್ಚಿ, ಕಿಟಕಿಯ ಸರಳು, ಎಲ್ಲದರ ಮೇಲೂ ನಾಲ್ಕು ದಿನದ ಕೆಂಪು ಧೂಳು ಕೂತಿತ್ತು. ತಟ್ಟೆಯ ಮೇಲೂ ಕೂತಿತ್ತು.

ತಟ್ಟೆಯಲ್ಲಿ ಒಂದು ಹಾಳೆ ಇತ್ತು. ಅದರ ಮೇಲೆ ಧೂಳಿರಲಿಲ್ಲ.

ಸಂಡೂರಿನ ಆ ಕಡೆ ಬಿಳಿ ಕಾಗದ ಅರ್ಧ ದಿನವೂ ಬಿಳಿಯಾಗಿ ಉಳಿಯುವುದಿಲ್ಲ. ಮೇಟ್‌ಗಳ ಹಾಳೆಗಳ ಮೇಲೆ ಬೆರಳಿನ ಗುರುತು ಕೆಂಪಗೆ ಮೂಡಿರುತ್ತಿತ್ತು. ಇದು ಈಗತಾನೇ ಕಟ್ಟಿನಿಂದ ಎಳೆದ ಹಾಗೆ ಇತ್ತು. ಚಂದ್ರಕಲಾ ಅದನ್ನು ಎತ್ತಿಕೊಂಡು ಓದಿದಳು.

"ದ ಕ್ರ್ಯಾಕ್ ಎಬವ್ ಬೆಂಚ್ ಫೋರ್ ಈಸ್ ವೈಡರ್ ದ್ಯಾನ್ ದ ಒನ್ ಐ ರಿಪೋರ್ಟೆಡ್."

ನಾಲ್ಕನೇ ಬೆಂಚಿನ ಮೇಲಿರುವ ಬಿರುಕು ನಾನು ವರದಿ ಮಾಡಿದ್ದ ಬಿರುಕಿಗಿಂತ ಅಗಲವಾಗಿದೆ.

ಪೆನ್ನು ಎಲ್ಲೂ ತಡೆದು ನಿಂತಿರಲಿಲ್ಲ. ಅಕ್ಷರಗಳು ಎಡಕ್ಕೆ ಬಾಗಿದ್ದವು. ಐ ಚುಕ್ಕೆಗಳು ಮುಂದಿನ ಅಕ್ಷರದ ನೆತ್ತಿಯ ಮೇಲಿದ್ದವು. ಅವಳು ಹಾಳೆಯನ್ನು ಪಾಲಪ್ಪನಿಗೆ ಕೊಟ್ಟಳು. ಅವನು ತುಟಿ ಅಲುಗಿಸುತ್ತ ಓದಿದ. ಓದಿ ಮುಗಿಸಿ ಹಾಳೆಯನ್ನು ಮೇಜಿನ ಮೇಲಿಟ್ಟು, ಕೈಯನ್ನು ಅಂಗಿಗೆ ಒರೆಸಿಕೊಂಡ.

"ದ ಒನ್ ಅನ್ನೋದು," ಎಂದ ನಿಧಾನಕ್ಕೆ, "ನೀವು ಹೋದ ಮಂಗಳವಾರ ಹೇಳಿದ್ದಲ್ರಿ?"

"ಹೌದು."

"ಬಾಯಾಗ ಹೇಳಿದ್ರಿ. ಬರೀಲಿಲ್ಲ."

"ಹೌದು ಪಾಲಪ್ಪ."

ಅವನು ಸಾಲಾಗಿಟ್ಟಿದ್ದ ಖಾಲಿ ಕುರ್ಚಿಗಳನ್ನು ನೋಡಿದ. ಚಂದ್ರಕಲಾ ನೋಡಲಿಲ್ಲ.

ಉಳಿದವರು ಬರುವ ಮುಂಚೆಯೇ ಇಬ್ಬರೂ ಆಫೀಸಿಗೆ ಹೋದರು. ವೀರೇಶ್ ಒಬ್ಬನೇ ಇದ್ದ. ನಲವತ್ತರ ಹತ್ತಿರದ, ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಯ ಮನುಷ್ಯ. ಹಣೆಯ ವಿಭೂತಿ ಮಧ್ಯಾಹ್ನವಾದರೂ ಮಾಸಿರಲಿಲ್ಲ. ಚಂದ್ರಕಲಾ ಏನೂ ವಿವರಿಸದೆ ಹಾಳೆಯನ್ನು ಅವನ ಮುಂದಿಟ್ಟಳು.

ವೀರೇಶ್ ಓದಿದ. ಎದ್ದು ಬೀರು ತೆಗೆದು, ತಳದಲ್ಲಿದ್ದ ಹಳೆಯ ರಿಜಿಸ್ಟರೊಂದನ್ನು ಎಳೆದ. ಹುಡುಕಬೇಕಾಗಲಿಲ್ಲ. ದುರುಗೇಶನ ಸಾಲಿದ್ದ ಪುಟ ತಾನಾಗಿಯೇ ತೆರೆದುಕೊಂಡಿತು, ಎಷ್ಟೋ ಸಲ ತೆಗೆದು ನೋಡಿದ್ದನೇನೋ. ಹಾಳೆಯನ್ನು ಆ ಪುಟದ ಪಕ್ಕದಲ್ಲಿಟ್ಟು ಅವನು ಎರಡೂ ಬರವಣಿಗೆಯನ್ನು ಹೋಲಿಸಿ ನೋಡಿದ. ಹೊರಗೆ ಅದಿರು ತುಂಬಿದ ಲಾರಿಗಳು ಒಂದರ ಹಿಂದೊಂದು ಇಳಿಯುತ್ತಿದ್ದವು. ಪ್ರತಿ ಲಾರಿಗೂ ಮೇಜಿನ ಮೇಲಿನ ನೀರಿನ ಲೋಟ ಸಣ್ಣಗೆ ನಡುಗುತ್ತಿತ್ತು.

"ಮೇಡಂ," ಎಂದ ಕೊನೆಗೆ, "ಇದ್ರಾಗ ತಪ್ಪೇನೂ ಇಲ್ಲಲ್ರಿ?"

"ಇಲ್ಲ."

"ಒಂದೂ?"

"ಒಂದೂ ಇಲ್ರಿ."

"ನಗೋ ಅಂಥಾದ್ದು ಏನೂ ಇಲ್ಲ," ಎಂದ ವೀರೇಶ್, ತನಗೆ ತಾನೇ ಹೇಳಿಕೊಳ್ಳುವಂತೆ. ಮೇಜಿನ ಮೇಲಿದ್ದ ವೈರ್‌ಲೆಸ್ ಎತ್ತಿ, ನಾಲ್ಕನೇ ಬೆಂಚಿನ ಮೇಲೂ ಅದರ ಕೆಳಗೂ ಇರುವ ಎಲ್ಲರೂ ಮಷೀನ್ ಬಿಟ್ಟು ಈಗಲೇ ಇಳಿಯಬೇಕು ಎಂದ. ಆ ಕಡೆಯವನು ಯಾಕೆ ಎಂದು ಕೇಳಿರಬೇಕು. "ನಾನು ಹೇಳೀನಿ ಅಂತ ಬರ್ಕೋ," ಎಂದ ವೀರೇಶ್. "ಮೊದ್ಲು ಇಳಸು."

ಮೂವರೂ ಜೀಪಿನಲ್ಲಿ ಗುಡ್ಡದ ನೆತ್ತಿಗೆ ಹೋದರು. ನಾಲ್ಕನೇ ಬೆಂಚಿನ ಮೇಲುಗಡೆ ಎರಡು ಮಳೆಗಾಲದಲ್ಲಿ ಬೆಳೆದ ಜಾಲಿಯ ಪೊದೆ ದಟ್ಟವಾಗಿತ್ತು. ಯಾರೂ ಆ ಕಡೆ ಹೋಗುವ ಕಾರಣವಿರಲಿಲ್ಲ. ಪಾಲಪ್ಪ ಕೋಲಿನಿಂದ ಮುಳ್ಳು ಸರಿಸುತ್ತ ಹತ್ತು ಹೆಜ್ಜೆ ಹೋಗಿ ನಿಂತುಬಿಟ್ಟ. ಪೊದೆಯ ಬೇರುಗಳು ಎರಡೂ ಕಡೆ ಜಗ್ಗಿ, ಕೆಲವು ಆಗಲೇ ಹರಿದಿದ್ದವು. ನಡುವೆ ಭೂಮಿ ಬಾಯಿಬಿಟ್ಟಿತ್ತು. ಅವನು ಬೋರಲು ಮಲಗಿ ಕೈ ಇಳಿಬಿಟ್ಟ. ಹೆಗಲವರೆಗೂ ಹೋಯಿತು.

"ತಳ ಸಿಗವಲ್ದು ಸಾಹೇಬ್ರ," ಎಂದ. "ತಣ್ಣನ್ ಗಾಳಿ ಬರಾಕತ್ತೈತಿ ಒಳಗಿಂದ."

ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಐದಾರು ಹೆಜ್ಜೆ ದೂರದಲ್ಲಿ ನಿಂತಿದ್ದ ಚಂದ್ರಕಲಾಳ ಕಾಲಿಗೂ ಆ ಗಾಳಿ ತಾಗಿತು. ಒದ್ದೆ ಗೋಣಿಚೀಲದ ವಾಸನೆ ಅದರಲ್ಲಿತ್ತು. ಗಾಳಿ ಎಡೆಬಿಡದೆ ಬರುತ್ತಿರಲಿಲ್ಲ. ಒಮ್ಮೆ ಬಂದು, ನಿಂತು, ಮತ್ತೆ ಬರುತ್ತಿತ್ತು.

ಜೀಪಿನ ಬಾನೆಟ್ ಮೇಲೆ ರಿಜಿಸ್ಟರ್ ಇಟ್ಟುಕೊಂಡು ಪಾಲಪ್ಪ ಟೇಪಿನ ಅಳತೆ ಬರೆದ. ಬೆಂಚನ್ನು ಬಂದ್ ಮಾಡಿ ಸುತ್ತ ಹಗ್ಗ ಕಟ್ಟಿದರು. ಭಾನುವಾರ ಮತ್ತೆ ಅಳೆದಾಗ ಬಿರುಕು ಮೂರು ಬೆರಳು ಹೆಚ್ಚಾಗಿತ್ತು. ಪಾಲಪ್ಪ ಅದನ್ನು ಶನಿವಾರದ ಬಿರುಕಿಗೆ ಹೋಲಿಸಿ, ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆದ. ಒಂದು ದಿನದ ಕೆಲಸ ಯಾಕೆ ನಿಂತಿದೆ ಎಂದು ಹೆಡ್ ಆಫೀಸಿನವರು ಮೂರು ಸಲ ಫೋನ್ ಮಾಡಿದರು. ವೀರೇಶ್ ಮೂರು ಸಲವೂ ಆ ಸಾಲನ್ನೇ ಓದಿ ಹೇಳಿದ.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಾಲ್ಕನೇ ಬೆಂಚು ಜಾರಿತು. ದೊಡ್ಡ ಸದ್ದೇನೂ ಆಗಲಿಲ್ಲವಂತೆ. ಗುಡ್ಡದ ಒಂದು ಪಕ್ಕೆ ನಿಧಾನಕ್ಕೆ ಕೂತುಕೊಂಡ ಹಾಗೆ ಆಯಿತು, ಆಮೇಲೆ ಧೂಳು ಎದ್ದು ಮಧ್ಯಾಹ್ನದವರೆಗೆ ಕೆಳಗಿಳಿಯಲಿಲ್ಲ ಎಂದು ಪಾಲಪ್ಪ ಫೋನಿನಲ್ಲಿ ಹೇಳಿದ. ಖಾಲಿ ನಿಂತಿದ್ದ ಒಂದು ಟಿಪ್ಪರ್ ಮಣ್ಣಿನಡಿ ಹೋಯಿತು. ಮಾಮೂಲಿ ದಿನವಾಗಿದ್ದರೆ ಆ ಹೊತ್ತಿಗೆ ಅಲ್ಲಿ ಒಂಬತ್ತು ಜನ ಇರುತ್ತಿದ್ದರು.

ವಿಚಾರಣೆಗೆ ಬಂದವರು ಬಿರುಕು ಹೇಗೆ ಗೊತ್ತಾಯಿತು ಎಂದು ಕೇಳಿದಾಗ, ಮೇಟ್ ನೋಡಿ ಹೇಳಿದ ಎಂದ ವೀರೇಶ್. ಅದರ ಜೊತೆಗೆ, ಯಾರೂ ಕೇಳದಿದ್ದರೂ, ಇನ್ನೊಂದು ಹೇಳಿಕೆ ಬರೆದುಕೊಟ್ಟ. ಮೂರು ವರ್ಷದ ಹಿಂದೆ ದುರುಗೇಶ ಎಂಬ ಮೇಟ್ ಸರಿಯಾಗಿಯೇ ಎಚ್ಚರಿಸಿದ್ದ, ನಾನು ಹೋಗಿ ನೋಡಲಿಲ್ಲ ಎಂದು. ಅವನನ್ನು ಕೆಲಸದಿಂದ ಅಮಾನತು ಮಾಡಿದರು. ಗಣಿ ಬಿಡುವ ದಿನ ಅವನು ಚಂದ್ರಕಲಾಗೆ ಫೋನ್ ಮಾಡಿ, ಪಾಠ ಮಾತ್ರ ನಿಲ್ಲಿಸಬ್ಯಾಡ್ರಿ ಎಂದ.

ಗಾಳೆಮ್ಮ ಕಂಪ್ಲಿಯಿಂದ ವಾಪಸಾದದ್ದು ಹದಿನೈದು ದಿನದ ಮೇಲೆ. ಹಾಲ್‌ನ ಹೊರಗಿನ ಕಟ್ಟೆಯ ಮೇಲೆ ಕೂರಿಸಿಕೊಂಡು ಚಂದ್ರಕಲಾ ಎಲ್ಲವನ್ನೂ ಹೇಳಿದಳು. ಹೇಳಬಾರದೆಂದು ಪಾಲಪ್ಪ ತಡೆದಿದ್ದ. ಆದರೆ ಹಾಳೆ ಸೇರಬೇಕಾದದ್ದು ಅವಳಿಗೇ ಎಂದು ಚಂದ್ರಕಲಾಗೆ ಅನಿಸಿತ್ತು. ಗಾಳೆಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಬರವಣಿಗೆಯ ಮೇಲೆ ಬೆರಳಾಡಿಸಿದಳು. ಯಾರ ಕೈ ಎಂದು ಅವಳು ಕೇಳಲಿಲ್ಲ.

"ಓದ್ರಿ."

ಚಂದ್ರಕಲಾ ಓದಿ ಅರ್ಥ ಹೇಳಿದಳು.

"ಅಷ್ಟೇ ಏನ್ರಿ?"

"ಅಷ್ಟೇ."

ಗಾಳೆಮ್ಮ ಹಾಳೆಯನ್ನು ತಿರುಗಿಸಿ ಹಿಂದೆ ನೋಡಿದಳು. ಅಲ್ಲೇನೂ ಇರಲಿಲ್ಲ. ಎದುರಿನ ಗುಡ್ಡದಲ್ಲಿ ಹೊಸದಾಗಿ ಬಿದ್ದ ಕೆಂಪು ಗಾಯದ ಕಡೆ ನೋಡುತ್ತ ಮಾತಾಡಿದಳು.

"ಆ ಮಂಗಳವಾರ ನಾನೂ ಇದ್ದೆ ಮೇಡಮ್ರ. ಪಾಠ ಮುಗಿಯೋತನ ಬಾಗ್ಲದಾಗ ಕುಂತಿದ್ದೆ, ಹೊಸ್ತಿಲ ಮ್ಯಾಲೆ. ಅವ್ರು ಒಳಗ ಬರಬೇಕಾದ್ರ ನನ್ನ ದಾಟಿಕೊಂಡೇ ಬರಬೇಕು." ಅವಳ ದನಿ ಏರಲಿಲ್ಲ. "ಮೂರು ವರ್ಷಾತು. ದಾಟೋವಾಗ ಒಂದು ಮಾತು ಆಡಬೌದಿತ್ತಲ್ರಿ?"

ಮೂರು ಗಂಟೆಯಾಗುತ್ತ ಬಂದಿತ್ತು. ಮೇಟ್‌ಗಳು ಒಬ್ಬೊಬ್ಬರೇ ಬಂದು, ಇಬ್ಬರನ್ನೂ ನೋಡಿ, ಸದ್ದು ಮಾಡದೆ ಒಳಗೆ ಹೋಗುತ್ತಿದ್ದರು.